ಓಡಿಹೋಗಲಾರದ ಕೇಳುಗ

ಲಿಫ್ಟ್ ಮೆಕ್ಯಾನಿಕ್‌ಗೆ ಈ ಗಂಡಾಂತರ ಬಂದದ್ದು ಹೆಂಡತಿಯ ಮೊಣಕೈಯಿಂದ. ಹಿಂದಿನ ಭಾನುವಾರ ಚರ್ಚಿನಲ್ಲಿ ಪ್ರಸಂಗದ ನಡುವೆ ಅವನಿಗೆ ಜೋಂಪು ಹತ್ತಿತ್ತು. ಅವಳು ಪಕ್ಕೆಗೆ ತಿವಿದಳು; ಅವನು ಬೆಚ್ಚಿ ಕೈ ಎತ್ತಿದ. ಸರಿಯಾಗಿ ಅದೇ ಹೊತ್ತಿಗೆ ಪಾಸ್ಟರ್, "ಮುಂದಿನ ಭಾನುವಾರದೊಳಗೆ ಗುರುತಿಲ್ಲದ ಒಬ್ಬರಿಗಾದರೂ ನಮ್ಮ ನಂಬಿಕೆಯ ವಿಷಯ ಯಾರು ಹೇಳ್ತೀರಿ?" ಎಂದು ಕೇಳಿದ್ದರು. ಇಡೀ ಸಭೆಯಲ್ಲಿ ಎದ್ದದ್ದು ಅದೊಂದೇ ಕೈ.

ಐದು ದಿನ ನಾಳೆ ನಾಳೆ ಎನ್ನುತ್ತಲೇ ಕಳೆದುಹೋಯಿತು. ಶನಿವಾರ ಬೆಳಿಗ್ಗೆ ಹೆಂಡತಿ ಅವನ ಕೈಗೆ ಊಟದ ಡಬ್ಬಿ ಕೊಡುತ್ತಾ, "ಇವತ್ತೊಂದೇ ದಿನ ಉಳಿದಿರೋದು ಕಣ್ರೀ" ಎಂದಳು. ಡಬ್ಬಿ ಕಲ್ಲಿನಷ್ಟು ಭಾರವೆನ್ನಿಸಿತು.

ಅವನು ಒಳ್ಳೆಯ ಮನುಷ್ಯ. ಎಂಟು ಮಹಡಿಯ ತುದಿಯಲ್ಲಿ ಒಂದು ಕಬ್ಬಿಣದ ತಂತಿ ನಂಬಿ ನಿಲ್ಲಬಲ್ಲ. ನೆಲದ ಮೇಲೆ ಗುರುತಿಲ್ಲದವರ ಎದುರು ನಿಂತರೆ ಮಾತ್ರ ಅವನ ನಾಲಿಗೆ ಒಣಗಿದ ಚಪ್ಪಲಿಯಂತಾಗುತ್ತಿತ್ತು.

ಬಸ್‌ಸ್ಟಾಪಿನಲ್ಲಿ ಪಕ್ಕದವನ ಕಡೆ ತಿರುಗಿ, "ಸರ್, ನಿಮಗೆ..." ಎಂದ. ಆತ ತಿರುಗಿ ನೋಡಿದ. "...ಟೈಮ್ ಎಷ್ಟಾಯ್ತು ಗೊತ್ತಾ?" ಎಂದು ಮುಗಿಸಿದ. ಹೀಗೆ ಮೂವರಲ್ಲಿ ಟೈಮ್ ಕೇಳಿದ. ಮೂರನೆಯವನು, "ಕೈಯಲ್ಲೇ ವಾಚಿದೆಯಲ್ಲ ಸ್ವಾಮಿ" ಎಂದು ತನ್ನ ಜೇಬನ್ನು ಮುಟ್ಟಿ ನೋಡಿಕೊಂಡು ದೂರ ಸರಿದ.

ಹಣ್ಣಿನಂಗಡಿಯ ಹೆಂಗಸಿನ ಮುಂದೆ ಧೈರ್ಯ ಮಾಡಿ, "ಅಕ್ಕ, ನಿಮ್ಮ ಹತ್ರ ಒಂದು ಮಾತಾಡಬೇಕು" ಎಂದ. ಅವಳು ಇದಕ್ಕಾಗಿಯೇ ವರ್ಷಗಟ್ಟಲೆ ಕಾದಿದ್ದವಳ ಹಾಗೆ ಸ್ಟೂಲು ಎಳೆದುಕೊಟ್ಟು, ತನ್ನ ಸೊಸೆಯ ಕಥೆ ಶುರು ಮಾಡಿದಳು. ಮುಕ್ಕಾಲು ಗಂಟೆ ಅವನು ಒಮ್ಮೆಯೂ ವಾಚು ನೋಡದೆ ಕೇಳಿದ. ಕೊನೆಗೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಹತ್ರ ಮಾತಾಡಿ ಎದೆ ಹಗುರ ಆಯ್ತಪ್ಪ. ಅದಿರಲಿ, ನೀವೇನೋ ಹೇಳ್ತೀನಿ ಅಂದ್ರಲ್ಲ?" ಎಂದು ಕೇಳಿದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟಿದೆ, ಒಳಗೆ ಒಬ್ಬರು ಸಿಕ್ಕಿಕೊಂಡಿದ್ದಾರೆ.

ಲಿಫ್ಟ್ ಮೂರಕ್ಕೂ ನಾಲ್ಕಕ್ಕೂ ನಡುವೆ ತ್ರಿಶಂಕುವಿನಂತೆ ನಿಂತಿತ್ತು. ಕೈಯಿಂದ ಚಕ್ರ ತಿರುಗಿಸಿ ಅದನ್ನು ಕೆಳಗಿಳಿಸಲು ತಾರಸಿಯ ಮೆಷಿನ್ ರೂಮಿಗೆ ಹೋಗಬೇಕು. ಅದರ ಬೀಗದಕೈ ನಿವಾಸಿಗಳ ಸಂಘದ ಕಾರ್ಯದರ್ಶಿಯ ಜೇಬಿನಲ್ಲಿ. ಕಾರ್ಯದರ್ಶಿ ಕಟಿಂಗ್ ಶಾಪಿನಲ್ಲಿ, ಮುಖಕ್ಕೆಲ್ಲ ಸೋಪು ಬಳಿದುಕೊಂಡು. ಕರೆತರಲು ವಾಚ್‌ಮನ್ ಓಡಿದ. ಮೆಕ್ಯಾನಿಕ್ ಮೂರನೇ ಮಹಡಿಯ ಬಾಗಿಲಿನ ಎದುರು ಮಂಡಿಯೂರಿ ಕೂತ.

ಬಿಟ್ಟಿ ಸಲಹೆಗೇನೂ ಬರವಿರಲಿಲ್ಲ. ನಾಲ್ಕನೇ ಮಹಡಿಯ ಹೆಂಗಸು, "ಲಿಫ್ಟ್ ಕೆಟ್ಟೋಗಿದೆ, ಮೇಲಿಂದ ಒಂದು ಹಗ್ಗ ಇಳಿಬಿಡಿ" ಎಂದಳು. ಎದುರು ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಕುರ್ಚಿ ತಂದು ಹಾಕಿಕೊಂಡು, "ಲಿಫ್ಟ್ 'ಕೆಟ್ಟೋಗಿದೆ' ಅಲ್ಲಮ್ಮ, 'ಕೆಟ್ಟುಹೋಗಿದೆ'" ಎಂದು ಅವಳನ್ನು ತಿದ್ದಿದರು.

"ಸರ್, ಹೆದರಬೇಡಿ, ನಾನು ಬಂದಿದೀನಿ," ಮೆಕ್ಯಾನಿಕ್ ಬಾಗಿಲಿನ ಸಂದಿಗೆ ಬಾಯಿಟ್ಟು ಕೂಗಿದ.

"ಅಣ್ಣ, ನಂಗೆ ಕೈಕಾಲು ನಡುಗ್ತಿದೆ," ಒಳಗಿನಿಂದ ಕ್ಷೀಣ ದನಿ ಬಂತು. "ಏನಾದ್ರೂ ಮಾತಾಡ್ತಾ ಇರಿ. ನಿಲ್ಲಿಸಬೇಡಿ."

ಮೆಕ್ಯಾನಿಕ್‌ನ ತಲೆಯಲ್ಲಿ ಮಿಂಚು ಹೊಡೆಯಿತು. ಗುರುತಿಲ್ಲದವನು, ಮುಖ ಕಾಣದವನು, ಎದ್ದು ಓಡಿಹೋಗಲಾರದವನು. ದೇವರೇ ಪೊಟ್ಟಣ ಕಟ್ಟಿ ಕಳಿಸಿದ ಹಾಗಿತ್ತು. ಮರುಕ್ಷಣವೇ ನಾಚಿಕೆಯಾಯಿತು. ಸಿಕ್ಕಿಬಿದ್ದವನಿಗೆ ಉಪದೇಶ ಮಾಡುವುದು ಬಲೆಯಲ್ಲಿರುವ ಹಕ್ಕಿಗೆ ಹಾಡು ಕಲಿಸಿದಂತೆ. ಬೇಡ ಎಂದುಕೊಂಡು ಬ್ರೇಕು, ಮೋಟರು, ತಂತಿಯ ದಪ್ಪ ಎಲ್ಲವನ್ನೂ ವಿವರಿಸಿದ. ತಂತಿ ಎಂದದ್ದೇ ತಡ, ಒಳಗಿನವನು, "ಅಯ್ಯೋ, ತಂತಿ ವಿಷಯ ಬೇಡ ಅಣ್ಣ" ಎಂದು ಅಳುವ ದನಿಯಲ್ಲಿ ಬೇಡಿಕೊಂಡ. "ನಿಮಗೆ ಯಾವತ್ತಾದ್ರೂ ಹೀಗೆ ಭಯ ಆಗಿತ್ತಾ? ಅದನ್ನ ಹೇಳಿ."

ಕೇಳಿದ ಮೇಲೆ ಸುಳ್ಳು ಹೇಳುವಂತಿರಲಿಲ್ಲ. ಸಂಕೋಚದಿಂದ ಮೆಕ್ಯಾನಿಕ್‌ನ ದನಿ ತಾನಾಗಿಯೇ ತಗ್ಗಿತು.

"ಮೂರು ವರ್ಷದ ಹಿಂದೆ ಲಿಫ್ಟಿನ ಬಾವಿಯೊಳಗೆ ಕಾಲು ಜಾರ್ತು. ಸೊಂಟದ ಬೆಲ್ಟಿಗೆ ಜೋತಾಡ್ತಿದ್ದೆ, ಎರಡು ಗಂಟೆ."

"'ಜೋತಾಡ್ತಿದ್ದೆ' ಅಲ್ಲ, 'ಜೋತಾಡುತ್ತಿದ್ದೆ'," ಎಂದರು ಮೇಷ್ಟ್ರು.

"ಕೂಗಿದ್ರೂ ಯಾರಿಗೂ ಕೇಳಲಿಲ್ಲ. ಪ್ರಾರ್ಥನೆ ಮಾಡೋಣ ಅಂದ್ರೆ ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. 'ಯೇಸಪ್ಪಾ, ನಾನು ಇಲ್ಲಿದೀನಿ' ಅಂದೆ, ಅಷ್ಟೆ. ಬೆಲ್ಟ್ ಗಟ್ಟಿಯಾಗಲಿಲ್ಲ, ಏಣಿಯೂ ಬರಲಿಲ್ಲ. ಆದ್ರೆ ಕತ್ತಲಲ್ಲಿ ಪಕ್ಕದಲ್ಲಿ ಯಾರೋ ಇದಾರೆ ಅನ್ನಿಸ್ತು. ಮಗೂಗೆ ಜ್ವರ ಬಂದಾಗ ಅಮ್ಮ ಏನೂ ಮಾತಾಡದೆ ಕೂತಿರ್ತಾಳಲ್ಲ, ಹಾಗೆ. ಅವತ್ತಿಂದ ಭಯ ಹೋಗಿಲ್ಲ ಸರ್. ಭಯ ಬಂದಾಗ ಒಬ್ಬನೇ ಇರಲ್ಲ, ಅಷ್ಟೆ."

ಆ ಮಾತಿನಲ್ಲಿ ತಪ್ಪು ಒಂದೆರಡಲ್ಲ, ಐದಾರಿದ್ದವು. ಮೇಷ್ಟ್ರು ಒಂದನ್ನೂ ತಿದ್ದಲಿಲ್ಲ. ನಾಲ್ಕನೇ ಮಹಡಿಯ ಹೆಂಗಸು ಹಗ್ಗದ ಮಾತು ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ತಾನು ಹೇಳಿಯೇಬಿಟ್ಟೆನೆಂದು ಹೊಳೆದಾಗ ಮೆಕ್ಯಾನಿಕ್‌ನ ಮೈ ಬೆವರಿತು, ಮನಸ್ಸು ಮಾತ್ರ ಹತ್ತಿಯಂತೆ ಹಗುರಾಯಿತು.

ಅರ್ಧ ಕೆನ್ನೆ ಮಾತ್ರ ಬೋಳಿಸಿಕೊಂಡಿದ್ದ ಕಾರ್ಯದರ್ಶಿ ಬೀಗದಕೈ ಹಿಡಿದು ಬಂದರು. ಹತ್ತು ನಿಮಿಷದಲ್ಲಿ ಲಿಫ್ಟ್ ಮೂರನೇ ಮಹಡಿಗೆ ಇಳಿಯಿತು. ಬಾಗಿಲು ತೆರೆದಾಗ ಹೊರಬಂದವನು ಕಡ್ಡಿಯಂಥ ಮನುಷ್ಯ. ಅವನು ಮೆಕ್ಯಾನಿಕ್‌ನ ಎರಡೂ ಕೈ ಹಿಡಿದುಕೊಂಡ.

"ಅಣ್ಣ, ಒಳಗೆ ಫ್ಯಾನಿನ ಸದ್ದಿಗೆ ಕೊನೆಕೊನೆಗೆ ಒಂದಕ್ಷರಾನೂ ತಿಳೀಲಿಲ್ಲ. ಆದ್ರೂ ನಿಮ್ಮ ದನಿ ಇತ್ತಲ್ಲ, ಬದುಕಿದೆ."

ಮೆಕ್ಯಾನಿಕ್‌ನ ಮುಖ ಇಳಿದುಹೋಯಿತು. ಅಷ್ಟರಲ್ಲಿ ಆ ಮನುಷ್ಯ ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದ.

"ನಿಜ ಹೇಳಬೇಕಂದ್ರೆ, ನನಗೆ ಈ ಕಟ್ಟಡದಲ್ಲಿ ಯಾರ ಪರಿಚಯವೂ ಇಲ್ಲ. ಲಿಫ್ಟಿನಲ್ಲಿ ಯಾರಾದ್ರೂ ಸಿಕ್ರೆ ಒಂದು ವಿಷಯ ಹೇಳೋಣ ಅಂತ ಬೆಳಿಗ್ಗೆಯಿಂದ ಮೇಲೆ ಕೆಳಗೆ ಓಡಾಡ್ತಿದೀನಿ. ಎಲ್ಲರ ಹತ್ರ 'ಎಷ್ಟನೇ ಮಹಡಿ?' ಅಂತ ಕೇಳಿದ್ದೇ ಆಯ್ತು. ನಮ್ಮ ಪಾಸ್ಟರ್‌ಗೆ ಮಾತು ಕೊಟ್ಟಿದೀನಿ." ಅವನು ಚೀಟಿ ಬಿಚ್ಚಿದ. "ಅಣ್ಣ, ನಿಮಗೆ ಯೇಸು ಯಾರು ಅಂತ ಗೊತ್ತಾ?"

ಮೇಷ್ಟ್ರು ನಗು ತಡೆಯಲಾರದೆ ಏನೋ ಹೇಳಹೊರಟರು. ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ತುಟಿಗೆ ಅಡ್ಡ ಹಿಡಿದು ಅವರನ್ನು ಸುಮ್ಮನಾಗಿಸಿದ. ಆ ಚೀಟಿ ಎಷ್ಟು ಸಲ ಮಡಿಸಿ ಬಿಚ್ಚಿದ್ದೆಂದು ಅದರ ಸುಕ್ಕುಗಳೇ ಹೇಳುತ್ತಿದ್ದವು.

"ಹೇಳಿ ಸರ್, ನಿಮ್ಮ ಬಾಯಲ್ಲೇ ಕೇಳ್ತೀನಿ," ಎಂದು ಅವನು ಮೆಟ್ಟಿಲ ಮೇಲೆ ಕೂತ.

ಚೀಟಿಯ ಎರಡೂ ಬದಿಯನ್ನು ಪೂರ್ತಿ ಕೇಳಿದ. ಆತ ತೊದಲಿದಾಗ ಕಾದ, ಸಾಲು ತಪ್ಪಿದಾಗ ತಲೆಯಾಡಿಸಿದ. ಮುಗಿದಾಗ ಆ ಮನುಷ್ಯನ ಮುಖ ಪರೀಕ್ಷೆ ಪಾಸಾದ ಮಗುವಿನ ಮುಖದಂತಿತ್ತು.

"ನನ್ನ ಮಾತನ್ನ ಪೂರ್ತಿ ಕೇಳಿದೋರು ನೀವೇ ಮೊದಲು ಅಣ್ಣ. ನಾಳೆ ಒಂಬತ್ತು ಗಂಟೆಗೆ ನಮ್ಮ ಚರ್ಚಿಗೆ ಬರಲೇಬೇಕು. ಇವತ್ತಿಲ್ಲಿ ಏನಾಯ್ತೋ ಅದನ್ನ ವೇದಿಕೆ ಮೇಲೆ ನಿಂತು ಎರಡು ಮಾತಲ್ಲಿ ಹೇಳಿದ್ರೆ ಸಾಕು. ಹೆಚ್ಚೇನೂ ಜನ ಇರಲ್ಲ. ನಾನೂರು ಇರಬಹುದು."

"ಬರ್ತಾರೆ, ಬರ್ತಾರೆ," ಮೇಷ್ಟ್ರು ಕುರ್ಚಿಯಿಂದ ಎದ್ದರು. "ನಾನೂ ಬರ್ತೀನಿ. ಇವರು ಮಾತಾಡೋದನ್ನ ಇನ್ನೊಂದು ಸಲ ಕೇಳಬೇಕು."

ಮೆಕ್ಯಾನಿಕ್ ತಾನು ಈಗಷ್ಟೇ ಕೆಳಗಿಳಿಸಿದ ಲಿಫ್ಟಿನ ಕಡೆ ಆಸೆಯಿಂದ ನೋಡಿದ. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡರೆ, ಅದು ದಯಮಾಡಿ ಸೋಮವಾರದವರೆಗೆ ನಡುವೆಯೇ ನಿಂತಿರಬಾರದೇ ಅನ್ನಿಸಿತು.