ಹೊಗೆ ಇರಲೋ ಬೇಡವೋ

ಹೆದರಿಕೆ ತಪ್ಪು ಮಾಡಿದವನನ್ನೇ ಹುಡುಕಿಕೊಂಡು ಹೋಗಬೇಕೆಂದಿಲ್ಲ. ಸುಮ್ಮನೆ ಕೂತವನ ಹೆಗಲ ಮೇಲೂ ಕೈಯಿಡುತ್ತದೆ. ನಾನು ಇಂಡಿ ಪಟ್ಟಣದ ಹೈಸ್ಕೂಲೊಂದರ ಡ್ರಾಯಿಂಗ್ ಮಾಸ್ತರ. ಆ ಭಾನುವಾರ ತಾಂಬಾ ರಸ್ತೆಯ ಪಕ್ಕದ ಬದುವಿನ ಮೇಲೆ ಕೂತು ದೂರದ ಸಕ್ಕರೆ ಕಾರ್ಖಾನೆಯನ್ನು ಎಣ್ಣೆಬಣ್ಣದಲ್ಲಿ ಬಿಡಿಸುತ್ತಿದ್ದೆ. ಹತ್ತಿರದ ಕಬ್ಬಿಗೆ ಕಡುಹಸಿರು, ಆಚೆಯ ಜಾಲಿಗಿಡಗಳಿಗೆ ಬೂದು ಬೆರೆತ ಹಸಿರು, ಚಿಮಣಿಗೆ ತಿಳಿನೀಲಿ. ದೂರ ಸರಿದಂತೆ ಬಣ್ಣ ತೆಳುವಾಗಬೇಕು, ನಡುವೆ ಗಾಳಿ ತುಂಬಿದೆ ಅನ್ನಿಸಬೇಕು. ಅದಕ್ಕೆ ನನಗೆ ಒದಗಿದ್ದು ಹೊಗೆ.

ಬೈಕೊಂದು ಹಿಂದೆ ಬಂದು ನಿಂತಿತು. ಕಾರ್ಖಾನೆಯ ಕಾವಲುಗಾರ.

"ಏನ್ ಮಾಡಾಕತ್ತೀರಿ?"

"ಚಿತ್ರ ತಗ್ಯಾಕತ್ತೇನ್ರಿ."

"ಹೊಗಿ ಯಾಕ ತಗದೀರಿ?"

"ಬರಾಕತ್ತೈತ್ರಿ, ಅದಕ್ಕ."

ಈ ಉತ್ತರ ಕೊಡಬಾರದಿತ್ತೆಂದು ಅವನ ಮುಖ ನೋಡಿದ ಮೇಲೆ ತಿಳಿಯಿತು. ಕಾರ್ಖಾನೆಯ ಹೊಗೆಯ ಬಗ್ಗೆ ಯಾರೋ ಮೇಲಿನವರಿಗೆ ದೂರಿನ ಅರ್ಜಿ ಹಾಕಿದ್ದರಂತೆ; ನನ್ನ ಚಿತ್ರವೂ ಅದಕ್ಕೇ ಸಾಕ್ಷಿ ಎಂದು ಅವನ ಗುಮಾನಿ. "ಸಾಹೇಬ್ರ ಕಡೆ ನಡೀರಿ" ಎಂದ.

ಬೈಕಿನ ಹಿಂದೆ ಕೂತು ಹೋಗುವಾಗ ಪೊಲೀಸರು, ಸಸ್ಪೆಂಡು, ದೂರದ ನಾಲತವಾಡಕ್ಕೆ ವರ್ಗ, ಎಲ್ಲವೂ ಕಣ್ಣಮುಂದೆ ಬಂದವು. ಎಲ್ಲಕ್ಕಿಂತ ದೊಡ್ಡ ಭಯ, ಹಸಿ ಬಣ್ಣ ಅವನ ಇಸ್ತ್ರಿ ಅಂಗಿಗೆ ತಾಗೀತೆಂದು.

ಮ್ಯಾನೇಜರು ಬಹಳ ಹೊತ್ತು ಚಿತ್ರ ನೋಡಿದರು. "ನಮ್ಮ ಚಿಮಣಿ ಇಷ್ಟ್ ಮಸಕ್ ಐತೇನ್ರಿ?"

ದೂರ, ಗಾಳಿಯ ಪದರ, ಬೆಳಕು ಎಂದೆಲ್ಲ ವಿವರಿಸಿದೆ.

"ಅದೆಲ್ಲಾ ಇರ್ಲಿ. ಹೊಗಿ ಅಳಸ್ರಿ."

ಎಣ್ಣೆಬಣ್ಣ ಬೇಗ ಆರುವುದಿಲ್ಲ. ಅರಿವೆಯಿಂದ ಒಂದೇ ಸಲಕ್ಕೆ ಹೊಗೆಯನ್ನೂ ನನ್ನ ಕಲಾನಿಷ್ಠೆಯನ್ನೂ ಒರೆಸಿಬಿಟ್ಟೆ. ಮ್ಯಾನೇಜರು ಹಿಂದೆ ಸರಿದು ನೋಡಿದರು. ಈಗ ಅವರ ಮುಖ ಇಳಿಯಿತು.

"ಕಾರ್ಖಾನಿ ಬಂದ್ ಬಿದ್ದಂಗ ಕಾಣ್ತೈತಲ್ರಿ. ಕಬ್ಬಿನವ್ರು ನೋಡಿದ್ರ ನಾಳೆನ ಗೇಟಿಗೆ ಬಂದು ಕುಂದರ್ತಾರ. ಹೊಗಿ ಹಾಕ್ರಿ."

"ಎಷ್ಟ್ ಹಾಕ್ಲಿ ಸಾಹೇಬ್ರ?"

"ಕಾರ್ಖಾನಿ ನಡದೈತಿ ಅನ್ನೂವಷ್ಟು. ಅರ್ಜಿ ಬರಿಯೂವಷ್ಟು ಬ್ಯಾಡ."

ಎಲ್ಲಿ ಹೆಚ್ಚಾದೀತೋ ಎಂಬ ಹೆದರಿಕೆಗೆ ಕುಂಚ ಕ್ಯಾನ್ವಾಸಿಗೆ ತಾಗಿಯೂ ತಾಗದಂತೆ ಓಡಾಡಿತು. ನನ್ನ ಜನ್ಮದಲ್ಲಿ ಅಷ್ಟು ಹಗುರಾದ ಹೊಗೆ ಬಿಡಿಸಿರಲಿಲ್ಲ. ಚಿಮಣಿ ತಾನಾಗಿ ಹಿಂದೆ ಸರಿದು ದೂರ ನಿಂತಿತು. ಸಾಹೇಬರು ಚಹಾ ತರಿಸಿದರು. ಚಿತ್ರ ಅಲ್ಲೇ ಇರಲಿ ಅಂದರು. ಇರಲಿ ಅಂದು, ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಈಗ ಊರ ಹೊರಗೆ ಹೋಗುವುದಿಲ್ಲ. ಮನೆಯೊಳಗೇ ಕೂತು ಲಿಂಬೆಹಣ್ಣು ಬಿಡಿಸುತ್ತೇನೆ. ಮೊನ್ನೆ ಹೆಂಡತಿ ಸುಮ್ಮನೆ ಬಂದು ಹಿಂದೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಕುಂಚ ಎತ್ತಿಹಿಡಿದು ಕೇಳಿಬಿಟ್ಟೆ: "ಹಳದಿ ಹಚ್ಲ್ಯೋ, ಹಸರು ಹಚ್ಲ್ಯೋ?"