ಪ್ರೀಮಿಯಂ ತುಂಬೇನ್ರಿ

ಇಪ್ಪತ್ತೆರಡು ವರ್ಷದಿಂದ ಹಾನಗಲ್ಲ ಸೀಮೆಯ ಒಂದು ಸಣ್ಣ ಮಠದ ಗಾಡಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಸ್ಟೀರಿಂಗಿಗೆ ಮೂರು ಬೆರಳು ವಿಭೂತಿ ಎಳೆದು, "ಶಿವಾ, ಇವತ್ತೊಂದಿನ ನನ್ನನ್ನ ನಗಿಗೀಡ ಮಾಡಬ್ಯಾಡಪ್ಪಾ" ಎಂದು ಬೇಡಿಕೊಂಡೇ ಹೊರಡುತ್ತೇನೆ. ಅವನು ದಯಾಮಯ, ನಾನು ಬೇಡಿದ್ದನ್ನೆಲ್ಲ ಕೊಟ್ಟಿದ್ದಾನೆ. ಇದೊಂದನ್ನು ಬಿಟ್ಟು.

ಉಡಿ ತುಂಬಿದ ಗಾಡಿ

ಮಠದ ಹಳೆಯ ಜೀಪು ಕಣ್ಣು ಮುಚ್ಚಿದ ಮೇಲೆ, ಅಕ್ಕಿಆಲೂರಿನ ಅಕ್ಕಿ ಗಿರಣಿಯ ಸಾಹುಕಾರರು ತಾವು ಮೂರು ವರ್ಷ ಓಡಿಸಿದ ಟರ್ಬೋ ಕಾರನ್ನು ನಮ್ಮ ಅಜ್ಜಾರಿಗೆ, ಅಂದರೆ ಮಠದ ಸ್ವಾಮಿಗಳಿಗೆ, ಅರ್ಪಿಸಿದರು. ಅರ್ಪಿಸಿದರು ಎನ್ನುವುದಕ್ಕಿಂತ ಮಗಳನ್ನು ಕೊಟ್ಟಂತೆ ಕೊಟ್ಟರು. ಅವರ ಮನೆಯವರು ಬಾನೆಟ್ಟಿನ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಇಟ್ಟು ಉಡಿ ತುಂಬಿದರು. ಸಾಹುಕಾರರು ಕಣ್ಣೊರೆಸಿಕೊಂಡು ನನ್ನನ್ನು ಬದಿಗೆ ಕರೆದರು.

"ನೋಡಪಾ, ಇದಕ್ಕ ನಾ ಸಾದಾ ಪೆಟ್ರೋಲ್ ಒಂದ ಹನಿ ಕುಡಿಸಿಲ್ಲ. ಟರ್ಬೋ ಐತಿ. ಯಾವಾಗಲೂ ಪ್ರೀಮಿಯಂ ತುಂಬಬೇಕು. ಸಾದಾ ಹಾಕಿದೆ ಅಂದ್ರ ಇಂಜಿನ್ ಕಟಕಟ ಹಲ್ಲ ಕಡಿತೈತಿ."

ಗಾಡಿಯ ವಿಮೆ ಮಾತ್ರ ತಮ್ಮ ಕಡೆಯೇ ಇರಲಿ, ವರ್ಷವರ್ಷವೂ ಅದರ ಕಂತು ತಾವೇ ಕಟ್ಟುವುದಾಗಿಯೂ ಹೇಳಿದರು. ತವರು ಅಂದ ಮೇಲೆ ಅಷ್ಟಾದರೂ ಬೇಡವೆ.

ಸಂಜೆ ಅಜ್ಜಾರಿಗೆ ಈ ಪಥ್ಯ ತಿಳಿಸಿದೆ. ಅವರು ತಮ್ಮ ಕಾವಿಯ ಸೆರಗು ಹಿಡಿದು ತೋರಿಸಿದರು. "ನಾವು ಉಡೋದು ಸಾದಾ, ಉಣ್ಣೋದು ಸಾದಾ. ಗಾಡಿ ನಮಗಿಂತ ದೊಡ್ಡ ಜಂಗಮನೇನು? ಸಾದಾನ ಹಾಕು."

"ಸಾಹುಕಾರ್ರು ಕೇಳಿದ್ರ ಏನ್ ಹೇಳ್ಲಿ ಬುದ್ಧಿ?"

"ಸುಳ್ಳ ಹೇಳಬ್ಯಾಡ. ಅವರ ಮನಸ್ಸೂ ನೋಯಿಸಬ್ಯಾಡ."

ಇಷ್ಟು ಹೇಳಿ ಅಜ್ಜಾರು ಪೂಜೆಗೆ ಒಳಗೆ ಹೋದರು. ಗುರುವಾಕ್ಯ ಮೀರಿದವನಲ್ಲ ನಾನು. ಆದರೆ ಎರಡು ಗೇರು ಒಮ್ಮೆಲೇ ಹಾಕು ಎಂದು ಯಾವ ಗುರುವೂ ಅದುವರೆಗೆ ನನಗೆ ಹೇಳಿರಲಿಲ್ಲ.

ಗಾಡಿಯ ಒಪ್ಪತ್ತು

ಟರ್ಬೋ ಅಂದರೇನು ಎಂದು ಹೋದಲ್ಲೆಲ್ಲ ಕೇಳುತ್ತಿದ್ದರು. ಇಂಜಿನ್ನು ಬಿಟ್ಟ ಹೊಗೆಯೇ ಒಂದು ಫ್ಯಾನು ತಿರುಗಿಸಿ, ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ, ಅದಕ್ಕೇ ಸಣ್ಣ ಇಂಜಿನ್ನಿಗೆ ದೊಡ್ಡ ದಮ್ಮು ಎಂದು ನಾನು ವಿವರಿಸುತ್ತಿದ್ದೆ. ಅಜ್ಜಾರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಪ್ರಾಣಾಯಾಮ."

ಹಿರೇಬೆಂಡಿಗೇರಿಯಲ್ಲಿ ಒಬ್ಬ ಮುದುಕಿ ಇದನ್ನೆಲ್ಲ ಕೇಳಿಸಿಕೊಂಡಳು. ಇಂಥಾ ಯೋಗಿ ಗಾಡಿಗೆ ಸಾದಾ ಎಣ್ಣೆ ನಡೆಯುವುದಿಲ್ಲವಂತೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ನಾವು ಹೊರಡುವ ಹೊತ್ತಿಗೆ ಗಾಡಿಯ ಹಿಂದೆ ಒಂದು ಡಬ್ಬಿ ಹಿಡಿದು ನಿಂತಿದ್ದಳು. ಬಾಯಿ ಎಲ್ಲೈತಿ, ತಗಿ ಎಂದಳು. ಡಬ್ಬಿಯೊಳಗೆ ಗಾಣದ ಶೇಂಗಾ ಎಣ್ಣೆ.

ಇದಕ್ಕೆ ಪೆಟ್ರೋಲೇ ಹಾಕಬೇಕವ್ವ ಎಂದೆ. ಆಕೆ ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿದಳು. "ಪ್ಯಾಟಿ ಎಣ್ಣ್ಯಾಗ ಎಲ್ಲಾ ಕಲಬೆರಕಿ. ಇದು ನಮ್ಮ ಹೊಲದ್ದು. ಅಜ್ಜಾರ ಗಾಡಿಗೆ ಹಾಕಾಕ ನಿನಗ್ಯಾಕ ಹೊಟ್ಟಿಕಿಚ್ಚು?"

ಭಕ್ತಿಯಿಂದ ತಂದದ್ದು, ಬೇಡ ಎನ್ನುವ ಹಾಗಿಲ್ಲ. ಹಾಕಿದರೆ ಗಾಡಿ ಅಲ್ಲೇ ಶಿವೈಕ್ಯ. ಅಜ್ಜಾರು ಕಿಟಕಿಯಿಂದ ತಲೆ ಹಾಕಿದರು. "ತಾಯೀ, ಇವತ್ತು ಸೋಮವಾರ. ಗಾಡಿ ಒಪ್ಪತ್ತು ಮಾಡತೈತಿ. ಡಬ್ಬಿ ಕೊಡು, ಮಠದಾಗ ದೀಪಕ್ಕ ಹಾಕೋಣು."

ಮುದುಕಿ ಡಬ್ಬಿ ಕೊಟ್ಟು, ಅಜ್ಜಾರಿಗೆ ಒಮ್ಮೆ, ಗಾಡಿಗೆ ಎರಡು ಸಲ ಕೈ ಮುಗಿದಳು.

ಮುಚ್ಚಳದ ಒಳಗ

ಹೊರಗೆ ನಕ್ಕರೂ ಒಳಗೆ ನನಗೆ ಹೆದರಿಕೆ ಇತ್ತು. ಸಾದಾ ಹಾಕಿ ಹಾಕಿ ಇಂಜಿನ್ನು ನಿಜವಾಗಿಯೂ ಹಲ್ಲು ಕಡಿದರೆ? ಭಕ್ತರ ಕಾಣಿಕೆ ನನ್ನ ಕೈಯಲ್ಲಿ ಕೆಟ್ಟಿತೆಂದರೆ ಯಾವ ಮುಖ ಹೊತ್ತು ಗದ್ದುಗೆ ಮುಂದೆ ನಿಲ್ಲಲಿ? ಹಿರೇಕೆರೂರಿಗೆ ಹೋದಾಗ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ನಿಲ್ಲಿಸಿ ಎಲ್ಲ ತೋಡಿಕೊಂಡೆ.

ಆತ ಇಂಜಿನ್ನು ಮುಟ್ಟಲೇ ಇಲ್ಲ. ಪೆಟ್ರೋಲ್ ಹಾಕುವ ಕಡೆಯ ಮುಚ್ಚಳ ತೆಗೆದು ಒಳಮೈ ನೋಡಿ, ಇಲ್ಲಿ ಬೆಳ್ಳಗ ಏನ್ರಿ ಇದು ಎಂದ. ವಿಭೂತಿ ಎಂದೆ. ಅಮಾಸಿಗೊಮ್ಮೆ ಗಾಡಿಪೂಜೆ ಮಾಡುವಾಗ, ಅನ್ನ ಹೋಗುವ ಬಾಯಿ ಎಂದು ಅಲ್ಲಿಗೂ ಹಚ್ಚುತ್ತಿದ್ದೆ. ಆತ ಚಿಂದಿ ಅರಿವೆಯಿಂದ ಒರೆಸಿದ. ಕೆಳಗೊಂದು ಚೀಟಿ ಅಂಟಿಸಿತ್ತು. ಯಾವ ಪೆಟ್ರೋಲ್ ಬೇಕು ಎಂದು ಗಾಡಿ ಮಾಡಿದವರೇ ಅದರಲ್ಲಿ ಬರೆದಿದ್ದರು. ಅವರು ಕೇಳಿದ್ದು ಬಂಕಿನ ಸಾದಾ ಪೆಟ್ರೋಲಿನ ಮಟ್ಟವನ್ನೇ. ಟರ್ಬೋ ಗಾಡಿಯೆಲ್ಲ ಹೀಗೇ ಅಲ್ಲ, ಕೆಲವಕ್ಕೆ ಪ್ರೀಮಿಯಮ್ಮೇ ಬೇಕು, ಇದಕ್ಕೆ ಮಾತ್ರ ಸಾದಾ ಸಾಕು ಎಂದ ಮೇಸ್ತ್ರಿ.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆತ ಮಾತ್ರ ಅರಿವೆ ಜಾಡಿಸುತ್ತ ಹೇಳಿದ: "ಯಜಮಾನ್ರ, ಉತ್ತರದ ಮ್ಯಾಲ ವಿಭೂತಿ ಹಚ್ಚಿ, ದೇವರನ್ನ ಪ್ರಶ್ನಿ ಕೇಳಾಕತ್ತೀರಲ್ಲ."

ನಿಯತ್ತಿನ ಗಿರಾಕಿ

ಇದನ್ನು ಸಾಹುಕಾರರಿಗೆ ಹೇಳಿಬಿಡಬಹುದಿತ್ತು. ಆದರೆ ಮೂರು ವರ್ಷ ಪ್ರೀತಿಯಿಂದ ತುಪ್ಪ ಉಣಿಸಿದವರಿಗೆ, ನಿಮ್ಮ ಮಗಳಿಗೆ ಮಜ್ಜಿಗೆಯೇ ಸಾಕಿತ್ತು ಎಂದು ಹೇಳುವುದು ಹೇಗೆ? ಅವರ ಮನಸ್ಸು ನೋಯುತ್ತದೆ. ಅವರೋ ವಾರಕ್ಕೊಮ್ಮೆ ಬೀಗರ ಮನೆಗೆ ಫೋನ್ ಮಾಡಿದಂತೆ ಮಾಡುತ್ತಿದ್ದರು. ಕೇಳುವುದು ಒಂದೇ ಮಾತು: "ಪ್ರೀಮಿಯಂ ತುಂಬೀಯೇನಪಾ?"

ಮೊದಲ ಸಲ ಫೋನ್ ಬಂದಾಗ ನಾನು ಅಕ್ಕಿಆಲೂರಿನ ಸಂತೆಯಲ್ಲಿದ್ದೆ. ಕೈಯಲ್ಲಿ ಆಗ ತಾನೇ ತುಂಬಿ ಬಂದ ನನ್ನ ಜೀವವಿಮೆಯ ತಿಂಗಳ ಕಂತಿನ ರಸೀದಿ. ಶಿವನೇ ನಾಲಗೆಯ ಮೇಲೆ ಬಂದು ಕುಳಿತಂತಾಯಿತು.

"ಈಗರ ಪ್ರೀಮಿಯಂ ತುಂಬಿ ಬಂದೇನ್ರಿ," ಎಂದೆ.

ಸುಳ್ಳಲ್ಲ. ರಸೀದಿ ಇದೆ. ಅವರ ಮನಸ್ಸೂ ನೋಯಲಿಲ್ಲ. ಎರಡು ಗೇರೂ ಒಮ್ಮೆಲೇ ಬಿದ್ದವು.

ಅಂದಿನಿಂದ ಇದೇ ನನ್ನ ವ್ರತವಾಯಿತು. ತಿಂಗಳು ಹೊಸದಾದಾಗ ಸಾಹುಕಾರರ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಮೊದಲು ಓಡಿ ಹೋಗಿ ಕಂತು ತುಂಬಿ, ರಸೀದಿ ಜೇಬಿಗಿಟ್ಟು, ಆಮೇಲೆ ನಾನೇ ತಿರುಗಿ ಫೋನ್ ಮಾಡಿ "ತುಂಬೇನ್ರಿ" ಎನ್ನುತ್ತಿದ್ದೆ. ಒಮ್ಮೆ ವಿಮಾ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕುಳಿತಿದ್ದೆ. ಕಂತು ತುಂಬಿಸಿಕೊಳ್ಳುವ ಗುಮಾಸ್ತರು ಕನ್ನಡಕ ಏರಿಸಿ ಮೆಲ್ಲಗೆ ಕೇಳಿದರು: "ಯಾಕ್ರಿ ಹಿರಿಯಾರ, ಡಾಕ್ಟರು ಏನರ ಹೇಳ್ಯಾರೇನ್ರಿ?"

ಸವಣೂರ ರಸ್ತಾದಾಗ

ಒಂದು ಸಲ ಸಾಹುಕಾರರೇ ಸವಣೂರಿಗೆ ನಮ್ಮ ಜೊತೆ ಬಂದರು. ಟ್ಯಾಂಕಿನ ತುಂಬ ಸಾದಾ. ನನ್ನ ಪಕ್ಕ ಕುಳಿತು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟರು. ಒಂದು ಲಾರಿಯನ್ನು ಹಿಂದೆ ಹಾಕಿದಾಗಲಂತೂ ತೊಡೆ ತಟ್ಟಿಕೊಂಡರು. ನೋಡು, ಪ್ರೀಮಿಯಂ ಅಂದರೆ ಇದು, ಸಾದಾ ಆಗಿದ್ದರೆ ಈ ಏರಿನಲ್ಲಿ ದಮ್ಮು ಕಟ್ಟಿ ನಿಲ್ಲುತ್ತಿತ್ತು ಎಂದರು. ನಾನು ಸುಮ್ಮನೆ ಪಂಚಾಕ್ಷರಿ ಜಪಿಸುತ್ತಿದ್ದೆ. ಏನೋ ವಟವಟ ಅಂತಿ ಎಂದು ಕೇಳಿದರು. ಜಪ ಎಂದೆ.

ಹಿಂದಿನ ಸೀಟಿನಿಂದ ಅಜ್ಜಾರು, "ಜೋರಾಗಿ ಮಾಡಪಾ, ನಮಗೂ ಬೇಕಾಗೇತಿ," ಎಂದರು.

ಶಿಗ್ಗಾಂವದ ಹತ್ತಿರ

ಕಡೆಯದು ಹೋದ ಶ್ರಾವಣದ್ದು. ಶಿಗ್ಗಾಂವದಲ್ಲಿ ಭಕ್ತರೊಬ್ಬರ ಹೊಸ ಮನೆಯ ಒಕ್ಕಲು. ಅಜ್ಜಾರು ಮುಹೂರ್ತಕ್ಕೆ ಹೋಗಿ ಹೊಸಿಲು ದಾಟಬೇಕು. ಹೈವೇ ಹತ್ತಿದ ಸ್ವಲ್ಪ ಹೊತ್ತಿಗೆ ಪೊಲೀಸರು ಕೈ ಮಾಡಿದರು. ಪೊಲೀಸ್ ಸಾಹೇಬರು ಟೊಪ್ಪಿಗೆ ತೆಗೆದು ಅಜ್ಜಾರ ಪಾದ ಮುಟ್ಟಿದರು, ಟೊಪ್ಪಿಗೆ ಹಾಕಿಕೊಂಡು ನನ್ನ ಕಾಗದ ಕೇಳಿದರು. ಎರಡೂ ಅವರ ಕರ್ತವ್ಯವೇ.

ಮೊಬೈಲಿನಲ್ಲಿ ಗಾಡಿ ನಂಬರು ಒತ್ತಿ ನೋಡಿ, "ಬುದ್ಧಿ, ಗಾಡಿದ್ದು ವಿಮಾ ಮುಗದು ಇಪ್ಪತ್ತು ದಿನ ಆಗೇತ್ರಿ," ಎಂದರು.

ಅತ್ತ ಶಿಗ್ಗಾಂವದ ಭಕ್ತರ ಫೋನು ಬರುತ್ತಲೇ ಇತ್ತು. ಸಾಹುಕಾರರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಹೆಂಗ ಮುಗೀತೈತಿ?" ಎಂದರು ಸಾಹುಕಾರರು. "ವಿಮಾದ ಏಜೆಂಟ್ ಹೋದ ತಿಂಗಳ ಫೋನ್ ಮಾಡಿದ್ದ. ಮಠದ ಗಾಡಿದ್ದು ಪ್ರೀಮಿಯಂ ತುಂಬೀರೇನ್ರಿ ಅಂದ. ಈ ಸಲ ಮಠದವರ ತುಂಬ್ಯಾರೇನೋ ಅಂತ ನಾ ನಿನ್ನ ಕೇಳಿದೆ. ನೀ ತುಂಬೇನ್ರಿ ಅಂದಿ. ತುಂಬ್ಯಾರ ಬಿಡಪಾ ಅಂತ ನಾ ಅವಗ ಹೇಳಿದೆ. ಇನ್ನೇನ್ ಬೇಕು?"

ಸಾಹೇಬರು ನನ್ನ ಕಡೆ ನೋಡಿದರು. ಅಜ್ಜಾರೂ ನೋಡಿದರು. ಗುರುವಿನ ಕಣ್ಣ ಮುಂದೆ ಜೇಬಿನ ರಸೀದಿ ನಡೆಯುವುದಿಲ್ಲ. ಕಿವಿ ಹಿಡಿದುಕೊಂಡೆ. ಗಾಡಿಗೆ ಮೊದಲ ದಿನದಿಂದ ಸಾದಾ ಪೆಟ್ರೋಲೇ ಹಾಕಿದ್ದು, ಮುಚ್ಚಳದ ಒಳಗಿನ ಬರಹ, ತುಂಬಿದ್ದು ನನ್ನ ಜೀವವಿಮೆಯ ಪ್ರೀಮಿಯಂ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಫೋನಿನಲ್ಲಿ ಸಾಹುಕಾರರ ಸಣ್ಣ ದನಿ: "ಅಂದ್ರ... ಅವತ್ತು ಸವಣೂರ ರಸ್ತಾದಾಗ ಹಂಗ ಎಳದದ್ದು?"

"ಸಾದಾ ರೀ."

"ಮೂರು ವರ್ಷ ನಾ ಕುಡಿಸಿದ್ದು?"

"ನಿಮ್ಮ ಪ್ರೀತಿ ರೀ," ಎಂದರು ಅಜ್ಜಾರು. ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದೆ. "ಎಲ್ಲಾ ಬಿಟ್ಟ ಸನ್ಯಾಸಿ ನಾನು. ಹೋಗಾಕ ನಾ ತಯಾರಿರಬೇಕಾಗಿತ್ತು. ಈ ಗಾಡ್ಯಾಗ ಜೀವವಿಮಾ ತುಂಬಿ, ಮ್ಯಾಲ ಹೋಗಾಕ ಪೂರಾ ತಯಾರಾಗಿ ಕುಂತಾವ ನೀನೊಬ್ಬನ ನೋಡಪಾ!"

ಸಾಹೇಬರು ನಗು ತಡೆಯಲಾರದೆ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡರು. ಫೋನಿನೊಳಗಿಂದ ಸಾಹುಕಾರರೂ ನಗುವುದು ಕೇಳಿಸಿದಾಗ ನನ್ನ ಜೀವ ಮರಳಿ ಬಂತು. ಮನಸ್ಸು ನೋಯಲಿಲ್ಲ, ಸುಳ್ಳೂ ಉಳಿಯಲಿಲ್ಲ. ಶಿವ ದೊಡ್ಡವನು. ಕಾಯಿದೆಯಂತೆ ದಂಡ ಬರೆಯಿಸಿಕೊಂಡೆವು. ವಿಮೆ ಆಗುವವರೆಗೆ ಗಾಡಿ ಬಿಡಲಾರೆ, ಮೊಬೈಲಿನಲ್ಲೇ ತುಂಬಿಸಿರಿ, ಅಜ್ಜಾರನ್ನು ಮುಹೂರ್ತಕ್ಕೆ ಮುಟ್ಟಿಸುವುದು ನನಗೆ ಬಿಡಿರಿ ಎಂದು ಸಾಹೇಬರು ಫೋನಿಗೆ ಬಾಗಿ ಹೇಳಿದರು.

ನಾವು ಬೇವಿನ ಗಿಡದ ನೆರಳಿಗೆ ಸರಿದು ಕಾದೆವು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಅಜ್ಜಾರ, ಪ್ರೀಮಿಯಂ ತುಂಬೇನ್ರಿ," ಎಂದರು ಸಾಹುಕಾರರು.

ಅಜ್ಜಾರು, ಸಾಹೇಬರು, ನಾನು, ಮೂವರೂ ಒಂದೇ ದನಿಯಲ್ಲಿ ಕೇಳಿದೆವು:

"ಯಾವುದು?"