ಕೂತವರನ್ನು ಬಿಡದ ಬಣ್ಣ

ಹಳೆಯ ಮರದ ಸಾಮಾನಿಗೆ ಹೊಸ ಬಣ್ಣ ಹಾಕುವುದು ನನ್ನ ಕಸುಬು. ಕೆಲಸ ಮುಗಿದ ಮೂರನೇ ದಿನಕ್ಕೆ ಆ ಮನೆಯವರು ಅಂಗಡಿಗೆ ಬಂದರೆ ನಾನು ಅವರ ಮುಖ ನೋಡುವುದಿಲ್ಲ, ಅಂಗಿಯ ಬೆನ್ನು ನೋಡುತ್ತೇನೆ. ಅಲ್ಲಿ ಬಣ್ಣ ಕಂಡರೆ ಮಾತು ಬೇಕಿಲ್ಲ, ಬಣ್ಣ ಬಿಡಿಸುವ ಟರ್ಪೆಂಟೈನ್ ಡಬ್ಬಿ ಹಿಡಿದು ಹೊರಡುತ್ತೇನೆ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಿಂದಲೂ ಇದು ನಡೆದೇ ಇದೆ.

೧. ವಕೀಲರ ಮೇಜು

ಯುದ್ಧ ಮುಗಿದ ಮೇಲೆ ದಂಡಿನವರ ಹಳೆ ಸಾಮಾನು ಹರಾಜಾದಾಗ ಬಣ್ಣ ಸಿಂಪಡಿಸುವ ಒಂದು ಪಂಪು ತಂದೆ. ಕಾಲಲ್ಲಿ ಒತ್ತಿದರೆ ಬಣ್ಣ ಹೊಗೆಯ ಹಾಗೆ ಹೊರಡುತ್ತಿತ್ತು. ಮೊದಲ ಕೆಲಸ ಕೊಟ್ಟವರು ಕೋಟೆಯ ಕೆಳಗಿನ ಬೀದಿಯ ವಕೀಲರು. ಅವರ ಮೇಜಿಗೆ ಒಂದು ಕೈ ಬಣ್ಣ ಸಾಕಿತ್ತು. ಪಂಪು ಒತ್ತುವುದರಲ್ಲಿ ನನಗೆ ಎಂಥ ಖುಷಿ ಹತ್ತಿತೆಂದರೆ, ಒಂದೇ ಬೆಳಿಗ್ಗೆ ನಾಲ್ಕು ಕೈ ಹೊಡೆದೆ. ಮೇಲಿನದು ಒಣಗಿದಂತೆ ಕಂಡಿತು, ಒಳಗೆಲ್ಲ ಹಸಿ.

ಮಾರನೇ ವಾರ ಅವರ ಗುಮಾಸ್ತರು ಒಂದು ಅರ್ಜಿ ಬರೆದು, ಮೇಜಿನ ಮೇಲೆ ಬೋರಲಿಟ್ಟು, ಹಾರದಿರಲೆಂದು ದಪ್ಪನೆಯ ಕಾನೂನು ಪುಸ್ತಕ ಹೇರಿದರು. ಬೆಳಿಗ್ಗೆ ಎತ್ತಿದರೆ ಕಾಗದ ಹರಿದು ಬಂತು, ಅಕ್ಷರ ಮೇಜಿಗೇ ಉಳಿಯಿತು. ನಾನು ಹೋಗುವ ಹೊತ್ತಿಗೆ ಗುಮಾಸ್ತರು ಕನ್ನಡಿ ಹಿಡಿದು ಮೇಜನ್ನು ಓದುತ್ತಿದ್ದರು. ಒಂದು ಗಳಿಗೆಯಲ್ಲಿ ಎಲ್ಲ ಒರೆಸಿ ಸ್ವಚ್ಛ ಮಾಡುತ್ತೇನೆ ಎಂದು ಬಟ್ಟೆ ತೆಗೆದೆ. ವಕೀಲರು ನನ್ನ ಕೈ ಹಿಡಿದುಕೊಂಡರು.

"ಒರಸಬ್ಯಾಡ. ಕಕ್ಷಿದಾರನ ಹೆಬ್ಬಟ್ಟು ಅದರ ಮ್ಯಾಗ ಐತಿ. ಹನ್ನೊಂದಕ್ಕ ಕೋರ್ಟಿಗೆ ಮೇಜು ಹೊತ್ಕೊಂಡು ಬಾ."

೨. ಅಜ್ಜಿಯ ಅಲಮಾರಿ

ಕುರುಗೋಡಿನ ಶಾನುಭೋಗರ ಮನೆಯ ತೇಗದ ಅಲಮಾರಿಗೆ ಬಣ್ಣ ಹೊಡೆದು ಬಂದೆ. ಎಂಟು ದಿನಕ್ಕೆ ಹೇಳಿಕಳಿಸಿದರು. ಬಾಗಿಲು ಮುಟ್ಟಿದರೆ ಬೆರಳು ಅಂಟುತ್ತಿತ್ತು. ಟರ್ಪೆಂಟೈನಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ತೆಳ್ಳಗೆ ಇನ್ನೊಂದು ಕೈ ಹೊಡೆದೆ. ಮತ್ತೆ ಅಂಟಿತು. ಎರಡನೇ ಸಲ ಮರ ಕಾಣುವ ತನಕ ಕೆರೆದು, ಒಳಗಿನ ಜಿಡ್ಡು ಮೇಲೆ ಬರದಂತೆ ಅರಗಿನ ಪಾಲಿಶು ಕೊಟ್ಟು, ಅದರ ಮೇಲೆ ಬಣ್ಣ ಹಾಕಿದೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಅದೂ ಅಂಟಿತು.

ಊರಲ್ಲಿ ನನ್ನ ಹೆಸರು ಹೋಗುವುದರಲ್ಲಿತ್ತು. ಮೂರನೇ ಸಲ ಹೋದಾಗ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಏಳುವಾಗ ಶಾನುಭೋಗರ ತಾಯಿ, ಎಂಬತ್ತರ ಅಜ್ಜಿ, ಕೈಯಲ್ಲಿ ಔಡಲೆಣ್ಣೆಯ ಬಟ್ಟಲು ಹಿಡಿದು ಅಲಮಾರಿಗೆ ಮೇಲಿಂದ ಕೆಳಗೆ ಹಚ್ಚುತ್ತಿದ್ದರು. ದಿನಾ ಹಚ್ಚುತ್ತೀರಾ ಎಂದು ಕೇಳಿದೆ. ಒಂದು ದಿನವೂ ಬಿಟ್ಟಿಲ್ಲ ಎಂದರು. ಯಾಕಮ್ಮ ಎಂದೆ.

"ಒಣಗಿದರ ಬಿರುಕು ಬಿಡತೈತಲ್ಲೋ ತಮ್ಮಾ. ಪಾಪ, ನಿನ್ನ ಹೆಸರು ಕೆಡಬಾರದು."

೩. ಎದ್ದು ಹೋಗುವವರು

ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರು ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದು ಐದು ಕುರ್ಚಿಗೆ ಬಣ್ಣ ಹಾಕಿಸಿದರು. ಸುತ್ತ ಭತ್ತದ ಗದ್ದೆ, ಕಾಲುವೆಯ ತಂಪು. ಮೂರು ದಿನವಾದರೂ ಬಣ್ಣ ಕೈಗೆ ಹತ್ತುತ್ತಿತ್ತು. ಬೇರೆ ದಾರಿ ಕಾಣದೆ, ಆ ಹುಡುಗಿಯ ಮುಖದ ಪೌಡರ್ ಡಬ್ಬಿ ಕೇಳಿ ಪಡೆದು, ಬಟ್ಟೆಗೆ ಹಚ್ಚಿ ಕುರ್ಚಿಗಳಿಗೆ ಸವರಿದೆ. ಪೌಡರ್ ಹತ್ತಿದರೆ ಅಂಟು ಸಾಯುತ್ತದೆ. ನಾಲ್ಕು ಕುರ್ಚಿಗೆ ಬಂತು, ಡಬ್ಬಿ ಮುಗಿಯಿತು. ಐದನೆಯದನ್ನು ಮೂಲೆಗೆ ಸರಿಸಿದೆ.

ಗಂಡಿನ ತಂದೆ ಬಳ್ಳಾರಿಯ ಹತ್ತಿ ವ್ಯಾಪಾರಿ. ಅದಕ್ಕೆ ಮೊದಲು ಮೂರು ಮನೆಯಲ್ಲಿ ಸಣ್ಣ ಮಾತಿಗೆ ಮುನಿದು ಎದ್ದು ಹೋದ ಮನುಷ್ಯ. ಗಾಳಿ ಚೆನ್ನಾಗಿದೆಯೆಂದು ನೇರ ಮೂಲೆಗೆ ಹೋಗಿ ಕೂತರು. ನಾನು ಬಾಗಿಲ ಹಿಂದಿನಿಂದ ನೋಡಿ ಟರ್ಪೆಂಟೈನ್ ಡಬ್ಬಿಯ ಮುಚ್ಚಳ ಸಡಿಲಿಸಿದೆ.

ಕಾಫಿ ಬಂತು. ಹುಡುಗಿ ಮೊದಲ ಲೋಟ ಹತ್ತಿರದಲ್ಲಿದ್ದ ಗಂಡಿನ ಸೋದರಮಾವನಿಗೆ ಕೊಟ್ಟಳು. ಹತ್ತಿ ವ್ಯಾಪಾರಿಯ ಮುಖ ಕೆಂಪಗಾಯಿತು. ಇಲ್ಲಿ ಹಿರಿತನಕ್ಕೆ ಬೆಲೆಯಿಲ್ಲ ಎಂದು ಮಗನಿಗೆ ಹೇಳಿ ಎದ್ದರು. ಕುರ್ಚಿಯೂ ಎದ್ದಿತು. ಎರಡು ಹೆಜ್ಜೆ ಹಾಕಿದರು, ಅದೂ ಬಂತು. ಯಾರೂ ನಗಲಿಲ್ಲ, ನಗುವ ಧೈರ್ಯ ಇರಲಿಲ್ಲ. ಅವರು ಮತ್ತೆ ಕೂತರು.

ನಾನು ಡಬ್ಬಿ ಹಿಡಿದು ಬಂದೆ. ಎಳೆದರೆ ಧೋತ್ರ ಹರಿಯುತ್ತದೆ, ಟರ್ಪೆಂಟೈನ್ ಇಳಿಯಲು ಅರ್ಧ ತಾಸು ಬೇಕು ಎಂದೆ. ಅರ್ಧ ತಾಸು ಮುನಿಸಿಕೊಂಡೇ ಕೂಡುವುದು ಅವರಿಗೂ ಕಷ್ಟವಾಯಿತು. ಹುಡುಗಿ ಎರಡನೇ ಲೋಟ ತಂದು ಮುಂದೆ ನಿಂತಳು. "ಮೊದಲಿನದು ಆರಿತ್ತುರೀ, ನಿಮಗ ಬಿಸೇದು ಕೊಡಬೇಕಂತಿದ್ದೆ," ಅಂದಳು. ಅವರು ಕುಡಿದರು. ಏನು ಓದಿದ್ದೀ ಎಂದು ಕೇಳಿದರು. ಮಾತು ಬೆಳೆಯಿತು. ಧೋತ್ರ ಬಿಡುವಷ್ಟರಲ್ಲಿ ಸಂಬಂಧ ಗಟ್ಟಿಯಾಗಿತ್ತು.

ಮದುವೆಯಾಯಿತು. ಮುಂದಿನ ವರ್ಷ ಗಿರಣಿಯ ಮಾಲೀಕರು ನನ್ನ ಅಂಗಡಿಗೆ ಬಂದರು. ನಾನು ರೂಢಿಯಂತೆ ಅವರ ಬೆನ್ನು ನೋಡಿದೆ, ಅಂಗಿ ಬೆಳ್ಳಗಿತ್ತು. ಎರಡನೇ ಮಗಳನ್ನು ನೋಡಲು ಗಂಡಿನವರು ಬರುತ್ತಿದ್ದಾರೆ, ಹನ್ನೆರಡು ಕುರ್ಚಿಯ ಕೆಲಸ ಇದೆ ಎಂದರು. ಈ ಸಲ ಹದಿನೈದು ದಿನ ಮೊದಲೇ ಬಂದು ಚೆನ್ನಾಗಿ ಒಣಗಿಸಿ ಕೊಡುತ್ತೇನೆ ಎಂದು ಮಾತು ಕೊಟ್ಟೆ.

ಅವರು ತಲೆ ಅಲ್ಲಾಡಿಸಿದರು. "ಬ್ಯಾಡ ಮೇಸ್ತ್ರಿ. ಅವರು ಬರೋ ದಿನ ಮುಂಜಾನೆ ಬರ್ರಿ."